ಅತಿವೇಗದ ಆರೋಪಿ

ನಾನು ಸ್ಕೂಟರ್ ಓಡಿಸುವಾಗ ದಾರಿಯಲ್ಲಿ ನಡೆದು ಹೋಗುವವರು ನನ್ನೊಡನೆ ಮಾತಾಡಿಕೊಂಡೇ ಬರುತ್ತಾರೆ. ಬಹಳ ಕಾಲ ನಾನು ಇದನ್ನು ಸ್ನೇಹವೆಂದೇ ತಿಳಿದಿದ್ದೆ. ನನ್ನ ಹೆಂಡತಿ ದೇವಸ್ಥಾನಕ್ಕೆ ಹೊರಟರೆ ಹಿಂದೆ ಕೂರುವುದಿಲ್ಲ. "ನಂಗೆ ಸ್ವಲ್ಪ ಅರ್ಜೆಂಟಿದೆ, ನೀವು ಸ್ಕೂಟರಲ್ಲಿ ಬನ್ನಿ" ಎಂದು ನಡೆದುಬಿಡುತ್ತಾಳೆ. ಇಂಥ ನನ್ನ ಹೆಸರಿಗೆ ಪೊಲೀಸ್ ಠಾಣೆಯಿಂದ ಒಂದು ಕಾಗದ ಬಂತು. 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ' ಒಬ್ಬರಿಗೆ ಗುದ್ದಿದ್ದೇನೆ ಎಂದು ಅದರಲ್ಲಿತ್ತು. ಹೆದರಿದ್ದು ನಿಜ. 'ಅತಿವೇಗ' ಎಂಬ ಪದವನ್ನು ಹೆಂಡತಿಗೆ ಮತ್ತೊಮ್ಮೆ ಓದಿ ಹೇಳಿದ್ದೂ ನಿಜ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಟಿ. ನರಸೀಪುರದ ಶಾಲೆಯಲ್ಲಿ ಪಾಠ ಮುಗಿಸಿ ನಂಜನಗೂಡಿನ ಮನೆಗೆ ಬರುತ್ತಿದ್ದೆ. ಸುತ್ತೂರು ದಾಟಿದ ಮೇಲೆ ರಸ್ತೆಗೆ ಹುರುಳಿ ಗಿಡ ಹರವಿದ್ದರು. ಬಸ್ಸು ಲಾರಿ ಹಾಯ್ದು ಒಕ್ಕಣೆಯಾಗಲಿ ಎಂಬುದು ನಮ್ಮ ಕಡೆಯ ಏರ್ಪಾಡು. ನನ್ನ ಸ್ಕೂಟರಿನಿಂದ ಕಾಳು ಉದುರುವುದಿಲ್ಲವೆಂದು ಅಲ್ಲಿನ ಹೆಂಗಸರು ನನಗೆ ಪಕ್ಕದ ದಾರಿ ತೋರಿಸುತ್ತಾರೆ. ಅಂದು ನನ್ನನ್ನು ಹಿಂದೆ ಹಾಕಿ ಬೈಕಿನಲ್ಲಿ ಹೋದ ಹೆಮ್ಮರಗಾಲದ ಶಿವಣ್ಣ, ನಮ್ಮ ಬೀದಿಗೆ ತರಕಾರಿ ತರುವವನು, ಆ ಹುರುಳಿಯ ಮೇಲೆ ಜಾರಿ ಬಿದ್ದ. ನಾನು ದೂರದಿಂದ ನೋಡಿದೆ. ಹೋಗಿ ಎತ್ತಿ, ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದೆ. ಮುಂಗೈ ಮುರಿದಿತ್ತು, ಮಂಡಿ ಊದಿತ್ತು.

ಅವನ ಬೈಕಿಗೆ ಇನ್ಶೂರೆನ್ಸ್ ಇರಲಿಲ್ಲ, ನನ್ನ ಸ್ಕೂಟರಿಗಿತ್ತು. ಎತ್ತಿದವನು ಗುದ್ದಿದವನಾಗಲು ಇಷ್ಟು ಸಾಕಾಯಿತು. ಕೇಳಲು ಹೋದರೆ ಶಿವಣ್ಣ ಕಾಫಿ ಕೊಟ್ಟು ಕೂರಿಸಿದ.

"ತಪ್ಪು ತಿಳ್ಕಬೇಡಿ ಮೇಷ್ಟ್ರೆ. ನಿಮ್ ಕೈಯಿಂದ ಏನೂ ಓಗಲ್ಲ, ಕಂಪ್ನಿಯೋರು ಕೊಡ್ತಾರೆ. ಲಾಯರ್ರೇ ಯೋಳವ್ರೆ."

"ನನ್ನ ಮೇಲೆ ಕೇಸಾಗಿದೆಯಲ್ಲೋ. ಲೈಸೆನ್ಸ್ ಹೋಗುತ್ತೆ."

"ನೀವು ಓಡ್ಸೋದ್ಕೆ ಲೈಸೆನ್ಸ್ ಯಾಕೆ ಬೇಕು ಕಣೇಳಿ" ಎಂದು ಅವನು ಸಮಾಧಾನ ಮಾಡಿದ.

ನಂಜನಗೂಡಿನ ಕೋರ್ಟಿನಲ್ಲಿ ಶಿವಣ್ಣನ ಪರಿಹಾರದ ಅರ್ಜಿಯ ವಿಚಾರಣೆಗೆ ನಾನು ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕೂತಿದ್ದೆ. ಮೊದಲು ಶಿವಣ್ಣನ ಸರದಿ. "ಸಿಕ್ಕಾಪಟ್ಟೆ ಸ್ಪೀಡಾಗಿ ಬಂದು ಗುದ್ಬುಟ್ರು ಸಾ" ಎಂದ. ಇನ್ಶೂರೆನ್ಸ್ ಕಂಪನಿಯ ವಕೀಲರು ಎದ್ದು, "ಆಸ್ಪತ್ರೆಗೆ ಕರ್ಕೊಂಡು ಹೋದವರು ಯಾರು?" ಎಂದರು.

"ಇವ್ರೇ ಸಾ."

"ಬೇಗ ಸೇರಿಸಿದ್ರಾ?"

ಇಲ್ಲಿ ಶಿವಣ್ಣನಿಗೆ ಎಂದಿನದೋ ಸಿಟ್ಟು ಉಕ್ಕಿತು. "ಎಲ್ ಬೇಗ ಸಾ? ನೋವಲ್ಲಿ ಪ್ರಾಣ ಓಯ್ತಾ ಅದೆ, ಇವ್ರು ಕೋಳಿಗೂ ದಾರಿ ಬುಟ್ಕಂಡು ಓಯ್ತಾವ್ರೆ. ಯಾವತ್ತೂ ಇಂಗೇ ಇವ್ರು. ನಾನು ಉರುಳಿ ಗಿಡದ ಮ್ಯಾಲೆ ಜಾರಿ ಬಿದ್ದಾಗ್ಲೂ, ಇವ್ರು ಬಂದು ಸೇರೋವತ್ಗೆ ನಾನೇ ಎದ್ದು ಕೂತ್ಕಂಡು, ಬೀಡಿ ಸೇದಿ ಮುಗಿಸಿದ್ದೆ."

ಅವನ ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿದರು. ಕೊನೆಗೆ ಅವನ ಅರ್ಜಿ ವಜಾ ಆಯಿತು, ನನ್ನ ಮೇಲಿನ ಕೇಸೂ ಬಿದ್ದುಹೋಯಿತು. ನನ್ನ ಬಾಯಿಪಾಠವನ್ನು ಯಾರೂ ಒಪ್ಪಿಸಿಕೊಳ್ಳಲಿಲ್ಲ.

ಹೊರಗೆ ಶಿವಣ್ಣ ಕುಂಟುತ್ತಾ ಬಂದು, "ಬಸ್ ಸ್ಟ್ಯಾಂಡ್ ತಂಕ ಬುಡ್ತೀರಾ ಮೇಷ್ಟ್ರೆ?" ಎಂದ. ಮನಸ್ಸಿಲ್ಲದಿದ್ದರೂ ಕೂರಿಸಿಕೊಂಡೆ. ಮೊದಲ ತಿರುವಿಗೇ, "ಬಸ್ಸು ಒಂಟೋಯ್ತದೆ, ನೀವು ಬನ್ನಿ" ಎಂದು ಇಳಿದು, ಕುಂಟುತ್ತಲೇ ಮುಂದೆ ಹೋದ. ನಾನು ಹಾರ್ನ್ ಮಾಡಿದೆ. ಅವನು ತಿರುಗಿ ನೋಡಿ, ನನಗೆ ದಾರಿ ಬಿಡಲು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಂತ. ಸ್ವಲ್ಪ ಹೊತ್ತು ಕಾದ. ಆಮೇಲೆ ಮತ್ತೆ ನಡೆಯತೊಡಗಿದ.