ಅಕ್ಕಯ್ಯನ ವ್ರತ

ಇಷ್ಟಕ್ಕೆಲ್ಲ ಕಾರಣ ಒಂದು ಅರ್ಧ ಮಾತು.

ಪರಮಶಿವಯ್ಯ ಮೇಷ್ಟ್ರು ಪೆನ್ಷನ್ ಆದ ಮೇಲೆ ಹಾಸನದ ಮಗಳ ಮನೆಗೆ ಹೊರಟರು. ಅಳಿಯನಿಗೆ ಬೆಕ್ಕಿನ ಕೂದಲು ಮೂಗಿಗೆ ಬಿದ್ದರೆ ಸೀನು ನಿಲ್ಲದು. ಹಾಗಾಗಿ ತಮ್ಮ ಮುದಿ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಗೆಳೆಯ ಬ್ರಹ್ಮಪ್ಪನ ಕೈಗೆ ಕೊಟ್ಟು ಬಸ್ಸು ಹತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮುಖ್ಯವಾದ್ದೇ ಮರೆತೆ ಬ್ರಹ್ಮಪ್ಪನೋರೆ, ಇವಳಿಗೆ ಊಟಕ್ಕೆ ಇಡುವಾಗ..." ಎಂದರು. ಅಷ್ಟರಲ್ಲಿ ಬಸ್ಸಿನ ಬೆನ್ನಿಗೆ ಕಟ್ಟಿದ್ದ ಒಲೆ ಭುಸ್ಸೆಂದಿತು. ಯುದ್ಧದ ಕಾಲ, ಪೆಟ್ರೋಲು ಕಾಣದ ಬಸ್ಸುಗಳೆಲ್ಲ ಇದ್ದಿಲು ತಿಂದುಕೊಂಡು ಓಡುತ್ತಿದ್ದವು. ಹೊಗೆ ಸರಿದಾಗ ಮೇಷ್ಟ್ರೂ ಇಲ್ಲ, ಮಿಕ್ಕ ಮಾತೂ ಇಲ್ಲ. ಬೆಳಗೊಳದ ಬೀದಿಯಲ್ಲಿ ಬ್ರಹ್ಮಪ್ಪ ಒಂದು ಬುಟ್ಟಿ ಹಿಡಿದು ಕೆಮ್ಮುತ್ತಾ ನಿಂತಿದ್ದ.

ಬೆಕ್ಕಿನ ಹೆಸರು ಅಕ್ಕಯ್ಯ. ಹಳೆಬೆಲ್ಲದ ಬಣ್ಣ, ಒಂದು ಕಿವಿ ಹರಿದದ್ದು, ಬಾಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು. ಆದರೂ ನಡೆದು ಬಂದರೆ ಬೀಗರ ಮನೆಗೆ ಬಂದ ಹಿರೀ ಅತ್ತೆಯ ಗತ್ತು. ಮೇಷ್ಟ್ರ ಜಗಲಿಯಲ್ಲಿ ಮಧ್ಯಾಹ್ನ ಚೌಕಾಬಾರ ಆಡಲು ಹೋದಾಗಲೆಲ್ಲ ಅವಳು ಬಂದು ಬ್ರಹ್ಮಪ್ಪನ ಮಡಿಲಲ್ಲೇ ಕೂರುತ್ತಿದ್ದಳು. ಮಕ್ಕಳನ್ನು ಕಾಣದ ಮಡಿಲು ಅದು; ಅಷ್ಟು ಹಕ್ಕಿನಿಂದ ಅದರ ಮೇಲೆ ಇನ್ನು ಯಾರೂ ಕೂತಿರಲಿಲ್ಲ. ಹೊತ್ತು ಇಳಿಯುವ ಮುಂಚೆ ಬ್ರಹ್ಮಪ್ಪ ಎದ್ದು ಮನೆಗೆ ಬಂದುಬಿಡುತ್ತಿದ್ದ. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಬಾಯಿಗೆ ಒಂದು ಅಗುಳೂ ಇಲ್ಲ. ಹಾಗಾಗಿ ಮೇಷ್ಟ್ರ ಮನೆಯ ರಾತ್ರಿ ಹೇಗಿರುತ್ತದೆಂದು ಅವನು ನೋಡಿದವನೇ ಅಲ್ಲ.

ಅಕ್ಕಯ್ಯ ಬಂದವಳು ಊಟ ಮುಟ್ಟಲಿಲ್ಲ. ಹಾಲನ್ನ ಕಲಸಿಟ್ಟರೆ ಮೂಸಿ ಮುಖ ತಿರುಗಿಸಿದಳು. ಬ್ರಹ್ಮಪ್ಪನದು ಪಾತ್ರೆ ಅಂಗಡಿ. ಬಟ್ಟಲು ಹಿಡಿಸಲಿಲ್ಲವೇನೋ ಎಂದು ಕಂಚಿನದು ತಂದ, ಹಿತ್ತಾಳೆಯದು ತಂದ, ಮದುವೆ ಮನೆಗೆಂದು ತೆಗೆದಿಟ್ಟಿದ್ದ ಬೆಳ್ಳಿ ಬಣ್ಣದ ತಟ್ಟೆಯನ್ನೂ ತಂದ. ಅವಳು ಗಿರಾಕಿಯ ಹಾಗೆ ಎಲ್ಲವನ್ನೂ ನೋಡಿ, ಏನನ್ನೂ ಒಪ್ಪದೆ, ಎರಡು ಗುಟುಕು ನೀರು ಕುಡಿದು ಮೂಲೆ ಸೇರಿದಳು. ಮಾರನೆಯ ದಿನವೂ ಅಷ್ಟೆ.

"ಅಕ್ಕಯ್ಯ, ಒಂದು ತುತ್ತು ತಾಯಿ," ಎಂದು ಬ್ರಹ್ಮಪ್ಪ ಮಂಡಿಯೂರಿ ಬೇಡುತ್ತಿದ್ದರೆ, ಹೆಂಡತಿ ಜ್ವಾಲಾಮಾಲಿನಿ ಬಾಗಿಲಿಗೊರಗಿ ನಿಂತು, ತನ್ನ ಮೂವತ್ತು ವರ್ಷದ ಸಂಸಾರದಲ್ಲಿ ಆ ಸ್ವರವನ್ನು ಒಮ್ಮೆಯೂ ಕೇಳಿದ ನೆನಪಿಲ್ಲ ಎಂದಳು.

ಮೂರನೆಯ ಬೆಳಿಗ್ಗೆ ನೋಡಿದರೆ ಅಕ್ಕಯ್ಯನ ಬೆನ್ನ ಮೇಲೆ ಕೂದಲು ಗಂಟುಗಂಟಾಗಿ, ಗುಡಿಸಿ ಮೂಲೆಗಿಟ್ಟ ನಾರಿನ ಹಾಗಿತ್ತು. ವಯಸ್ಸಾದ ಜೀವ, ನಾಲಿಗೆ ಬೆನ್ನಿಗೆ ಎಟಕದು. ಬ್ರಹ್ಮಪ್ಪ ಹೆಂಡತಿಯ ಮರದ ಬಾಚಣಿಗೆ ತಂದು ಮೆಲ್ಲಗೆ ಎಳೆದ. ಅಕ್ಕಯ್ಯ ಅವನ ಕೈಮೇಲೆ ಮೂರು ಗೆರೆ ಎಳೆದಳು. ಮೇಷ್ಟ್ರ ಮನೆಯ ಬೆಕ್ಕಲ್ಲವೆ, ಮೂರೂ ನೆಟ್ಟಗಿದ್ದವು. ಆಮೇಲೆ ಸಿಟ್ಟಿನಿಂದ ಮೈ ಹೊರಳಿಸಿ, ಇದ್ದಬದ್ದ ಹಲ್ಲಿನಿಂದ ಒಂದೊಂದೇ ಗಂಟನ್ನು ತಾನೇ ಕಿತ್ತು ಕಿತ್ತು ಉಗಿಯತೊಡಗಿದಳು. ನಡುಮನೆಯ ತುಂಬ ಕೂದಲ ಉಂಡೆ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಪದ್ಮಾವತಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಬೀದಿಗೆಲ್ಲ ಹಿರಿಯರು, ನೋಂಪಿ, ಉಪವಾಸಗಳಲ್ಲೇ ಮೈ ಸವೆಸಿದವರು. ಬೆಕ್ಕು ನೋಡಿದರು, ಕೂದಲು ನೋಡಿದರು, ಮುಟ್ಟದ ಹಾಲನ್ನ ನೋಡಿದರು. ಎಂದಿನಿಂದ ಉಂಡಿಲ್ಲವೆಂದು ವಿಚಾರಿಸಿದರು. ಬಂದಾಗಿನಿಂದ ಎಂದ ಬ್ರಹ್ಮಪ್ಪ. ಪದ್ಮಾವತಮ್ಮ ಬಟ್ಟಲು ಕೆಳಗಿಟ್ಟು ಎರಡೂ ಕೈ ಮುಗಿದರು.

"ಕಣ್ಣಿಗೆ ಪೊರೆ ಬಂದಿದೆಯೇನಪ್ಪ ನಿಂಗೆ? ಅನ್ನ ಬಿಟ್ಟಿದೆ. ತನ್ನ ಕೂದಲು ತಾನೇ ಕೀಳ್ತಿದೆ. ಸಲ್ಲೇಖನ ಹಿಡಿದಿದೆ ಕಣಪ್ಪ ಇದು."

ಬೆಳಗೊಳದಲ್ಲಿ ಹುಟ್ಟಿದವರಿಗೆ ಆ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅನ್ನ ಬಿಟ್ಟು ಶಾಂತವಾಗಿ ದೇಹ ಇಳಿಸಿ ಹೋದವರ ಹೆಸರು ಬೆಟ್ಟದ ಬಂಡೆಗಳ ಮೇಲೇ ಕೆತ್ತಿದೆ. ತಲೆಗೂದಲನ್ನು ತಮ್ಮ ಕೈಯಿಂದಲೇ ಕೀಳುವ ಮುನಿಗಳನ್ನು ನೋಡುತ್ತಲೇ ಇಲ್ಲಿ ಮಕ್ಕಳು ದೊಡ್ಡವರಾಗುವುದು. ಬ್ರಹ್ಮಪ್ಪ ಅಕ್ಕಯ್ಯನಿಗೆ ಅಡ್ಡವಾಗಿ ಬಂದು ಕೂತ.

"ದೊಡ್ಡಮ್ಮ, ಇದು ಮೇಷ್ಟ್ರ ಬೆಕ್ಕು. ಶಿವಪೂಜೆ ಮನೇದು."

"ಅಲ್ಲಿಂದ ಇಲ್ಲಿಗೆ ಬಂದು ಹಿಡಿದಿದೆ ಅಂದ್ರೆ ಎಂಥ ಪುಣ್ಯವಂತೆ ನೋಡು."

ಬ್ರಹ್ಮಪ್ಪ ಅಂಗಿಯ ಗುಂಡಿಯನ್ನೂ ಹಾಕದೆ ಬಸ್ಸಿನ ಕಡೆ ಓಡಿದ. ಹಾಸನಕ್ಕೆ ಹೊರಡಲಿದ್ದ ಬಸ್ಸಿನ ಡ್ರೈವರ್ ಬೋರಪ್ಪ ಒಲೆಗೆ ಇದ್ದಿಲು ತುಂಬುತ್ತಿದ್ದ. ಮೇಷ್ಟ್ರನ್ನು ಹುಡುಕಿ, ಅಕ್ಕಯ್ಯ ಉಣ್ಣುತ್ತಿಲ್ಲವೆಂದು ತಿಳಿಸಿ, ಮಿಕ್ಕ ಅರ್ಧ ಮಾತನ್ನು ಕೇಳಿಕೊಂಡು ಬರಬೇಕೆಂದು ಬ್ರಹ್ಮಪ್ಪ ಅವನ ಮಸಿ ಕೈಗಳನ್ನು ಹಿಡಿದುಕೊಂಡ. ಬೋರಪ್ಪ ಆಗಲಿ ಎಂದ. "ಸಂಜೀಕೆ ಬತ್ತೀನಿ ಸಾ. ಇವ್ಳು ದಾರೀನಾಗೆ ಕೈಕೊಡ್ದಿದ್ರೆ," ಎಂದು ಬಸ್ಸಿನ ಮೈ ತಟ್ಟಿದ.

ಹಿಂದಿರುಗಿ ಬಂದರೆ ಮನೆಯ ಮುಂದೆ ಚಪ್ಪಲಿಗಳ ಸಂತೆ. ಒಳಗೆ ಅಕ್ಕಯ್ಯನಿಗೆ ಮಣೆ ಹಾಕಿತ್ತು. ಸುತ್ತ ಹೆಂಗಸರು ಕೂತು ಮೆಲುದನಿಯಲ್ಲಿ ಸ್ತೋತ್ರ ಹೇಳುತ್ತಿದ್ದರು. ಹಸಿವಿನ ಸುಸ್ತಿಗೆ ಅವಳು ಕಣ್ಣು ಮುಚ್ಚಿದರೆ ಧ್ಯಾನವೆಂದರು. ಬಾಯಿ ಬಿಟ್ಟು ಆಕಳಿಸಿದರೆ, ಹಲ್ಲು ಕೂಡ ತ್ಯಾಗ ಮಾಡಿದೆ ಎಂದರು.

ಬಸದಿಯ ಪಂಡಿತ ನಾಗಕುಮಾರಯ್ಯನವರನ್ನು ಕರೆಸಿದ್ದರು. ಅವರು ಮುಂಡಿಗೆ ಕಂಬಕ್ಕೆ ಒರಗಿ ಬಹಳ ಹೊತ್ತು ಯೋಚಿಸಿ, ವ್ರತ ಹಿಡಿಯುವವರು ಗುರುಗಳ ಅಪ್ಪಣೆ ಪಡೆದಿರಬೇಕಲ್ಲ ಎಂದು ಒಂದು ತೊಡಕು ತೆಗೆದರು. ಬೆಳಗಿನ ಜಾವ ಬೆಕ್ಕು ಬೆಟ್ಟದ ಕಡೆ ಮುಖ ಮಾಡಿ ಒಂದು ಸಲ ಮಿಯಾವ್ ಎಂದದ್ದನ್ನು ತಾನು ಕಿವಿಯಾರೆ ಕೇಳಿದ್ದಾಗಿ ಪದ್ಮಾವತಮ್ಮ ಹೇಳಿದರು. ಪಂಡಿತರು ಇದಕ್ಕೆ ಆಧಾರ ನೆನಪಿಗೆ ಬರುತ್ತಿಲ್ಲ, ಆದರೆ ನಿಷೇಧವೂ ನೆನಪಿಗೆ ಬರುತ್ತಿಲ್ಲ ಎಂದರು. ಅಷ್ಟು ಸಾಕಾಯಿತು.

ಬ್ರಹ್ಮಪ್ಪ ಪಂಚೆಯ ಮರೆಯಲ್ಲಿ ಹಾಲಿನ ಬಟ್ಟಲು ಹಿಡಿದು ಹತ್ತಿರ ಸರಿದ. ಪದ್ಮಾವತಮ್ಮ ಅವನ ಮಣಿಕಟ್ಟು ಹಿಡಿದರು. ಹಾಲು ಪಂಚೆಯ ಮೇಲೇ ಚೆಲ್ಲಿತು. ಹಿಡಿದ ವ್ರತ ಕೆಡಿಸಿದ ಪಾಪ ಏಳು ಜನ್ಮ ಬಿಡದೆಂದು ನಾಲ್ಕು ಮಂದಿ ಬುದ್ಧಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಕಲ್ಲುಕುಟಿಗ ಚಿಕ್ಕಯ್ಯನಿಗೂ ಹೇಳಿಕಳಿಸಿದ್ದರು. ಅವನು ದಾರ ಹಿಡಿದು ಮಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಕ್ಕಯ್ಯನ ಮೂಗಿನಿಂದ ಅಳತೆ ತೆಗೆದುಕೊಂಡು ಬಂದವನು ಹಿಂಭಾಗಕ್ಕೆ ಬಂದು ನಿಂತ.

"ಕಲ್ಲಿನಾಗೆ ಬಾಲ ಚಾಚಿರೋ ಅಂಗೆ ಕೆತ್ಲಾ ಸಾ, ಸುತ್ಕಂಡಿರೋ ಅಂಗಾ?"

ಬ್ರಹ್ಮಪ್ಪ ಎದ್ದು ಹಿತ್ತಿಲಿಗೆ ಹೋದ. ಬಾವಿಕಟ್ಟೆಯ ಮೇಲೆ ಕೂತು, ಒದ್ದೆ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡ. ಪುಣ್ಯ ಯಾರಿಗೆ ಬೇಕಾಗಿತ್ತು? ಅವನಿಗೆ ಬೇಕಾಗಿದ್ದದ್ದು ಮಡಿಲ ಮೇಲೆ ಆ ಬೆಲ್ಲದ ಬಣ್ಣದ ಭಾರ ಅಷ್ಟೆ.

ಹೊತ್ತು ಬೆಟ್ಟದ ಹಿಂದಕ್ಕೆ ವಾಲಿತು. ಅದುವರೆಗೆ ವೈರಾಗ್ಯದ ಮಾತಾಡುತ್ತಿದ್ದ ಮನೆ ಒಮ್ಮೆಗೇ ಎದ್ದು ನಿಂತಿತು. ಕತ್ತಲಾಗುವ ಮುಂಚೆ ಉಣ್ಣಬೇಕಲ್ಲ. ಉಪವಾಸದ ಬೆಕ್ಕಿಗೆ ಕೈ ಮುಗಿದು, ಸಾರು ಆರುತ್ತದೆಂದು ಎಲ್ಲರೂ ಓಡಿದರು. ಜ್ವಾಲಾಮಾಲಿನಿ ಗಂಡನನ್ನು ಊಟಕ್ಕೆ ಎರಡು ಸಲ ಕರೆದಳು. ಅಕ್ಕಯ್ಯ ಉಣ್ಣದೆ ತನಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದ. ಬೆಳಗಿನಿಂದಲೂ ಅವನು ಏನೂ ತಿಂದಿರಲಿಲ್ಲ. ಸೂರ್ಯ ಮುಳುಗಿದ. ಜ್ವಾಲಾಮಾಲಿನಿ ಒಲೆ ಆರಿಸಿದಳು.

ಆಗ ಬಂದ ಬೋರಪ್ಪ, ಮುಖವೆಲ್ಲ ಇದ್ದಿಲು.

"ಮೇಷ್ಟ್ರು ಸಿಕ್ಕಿದ್ರು ಸಾ. ಅಕ್ಕಯ್ಯ ಒಂಟಿಯಾಗಿ ಉಣ್ಣೋಳೇ ಅಲ್ವಂತೆ. ರಾತ್ರಿ ಪೂಜೆ ಮುಗ್ಸಿ ದೀಪದ ಬೆಳಕ್ನಾಗೆ ಅವ್ರು ಉಣ್ಣೋಕೆ ಕುಂತ್ರೆ, ಪಕ್ಕದಾಗೆ ಬಂದು ಕುಂತ್ಕತಿತ್ತಂತೆ. ಮನುಸ್ರು ಮೊದ್ಲು ಒಂದು ತುತ್ತು ಬಾಯ್ಗಾಕ್ಕಂಡ್ರೇನೆ ಅದು ಮೂತಿ ಇಕ್ಕಾದು. ಹಗಲೊತ್ನಾಗೆ ಏನಿಟ್ರೂ ಮುಟ್ಟಾಕಿಲ್ವಂತೆ. ಮೈ ಬಾಚೋದೂ ಆಗ್ಲೇನಂತೆ. ಬ್ಯಾರೆ ಹೊತ್ನಾಗೆ ಮುಟ್ಟುದ್ರೆ ಪರಚ್ತದೆ ಅಂದ್ರು."

ಬ್ರಹ್ಮಪ್ಪ ತನ್ನ ಕೈಯ ಮೂರು ಗೆರೆ ನೋಡಿಕೊಂಡ.

ಬೋರಪ್ಪ ಹೋದ. ಬ್ರಹ್ಮಪ್ಪನಿಗೆ ಬುದ್ಧಿ ಬಂದಾಗಿನಿಂದ ರಾತ್ರಿ ಹೊತ್ತು ಆ ಮನೆಯಲ್ಲಿ ಯಾರೂ ತಟ್ಟೆಯ ಮುಂದೆ ಕೂತಿರಲಿಲ್ಲ. ಜ್ವರದಲ್ಲೂ ಕೂತಿರಲಿಲ್ಲ. ಮಣೆಯ ಮೇಲೆ ಅಕ್ಕಯ್ಯನ ಪಕ್ಕೆಗಳು ಮೇಲೆ ಕೆಳಗೆ ಆಡುತ್ತಿದ್ದವು. ಜ್ವಾಲಾಮಾಲಿನಿ ಎದ್ದು ಸಣ್ಣ ದೀಪ ಹಚ್ಚಿ, ಗಂಡನ ಮುಂದೆ ಒಂದು ತಟ್ಟೆ ಇಟ್ಟಳು.

"ತಿನ್ನಬೇಡಿ. ತಿಂದ ಹಾಗೆ ಮಾಡಿ," ಎಂದಳು.

ಅಕ್ಕಯ್ಯ ತಲೆ ಎತ್ತಿದಳು. ಮೆಲ್ಲಗೆ ನಡೆದು ಬಂದು ತಟ್ಟೆ ಮೂಸಿದಳು. ಬರೀ ತಟ್ಟೆ. ಲೆಕ್ಕ ಮಾಡದೆ ಬಂದ ಹುಡುಗನನ್ನು ಮೇಷ್ಟ್ರು ನೋಡುತ್ತಿದ್ದರಲ್ಲ, ಹಾಗೆ ಬ್ರಹ್ಮಪ್ಪನನ್ನು ನೋಡಿದಳು. ಜ್ವಾಲಾಮಾಲಿನಿ ಅವನ ತಟ್ಟೆಗೂ ಅವಳ ಬಟ್ಟಲಿಗೂ ಹಾಲನ್ನ ಬಡಿಸಿದಳು. ಬ್ರಹ್ಮಪ್ಪ ತುತ್ತು ಕಲಸಿ, ತುಟಿಯವರೆಗೆ ತಂದು, ಮೆಲ್ಲಗೆ ಮತ್ತೆ ತಟ್ಟೆಗೇ ಜಾರಿಸಿ, ಖಾಲಿ ಬಾಯಿ ಅಗಿದ. ಅಕ್ಕಯ್ಯ ಅವನ ಗಂಟಲನ್ನೇ ನೋಡುತ್ತಿದ್ದಳು. ನುಂಗಬೇಕಾಯಿತು. ದಿನವಿಡೀ ಹಸಿದ ಬಾಯಿ, ಮೂಗಿನ ಹತ್ತಿರ ಹಾಲನ್ನದ ಕಂಪು, ಜೊಲ್ಲಿಗೇನೂ ಬರವಿರಲಿಲ್ಲ. ಚಪ್ಪರಿಸಿ ಗುಳುಕ್ಕನೆ ನುಂಗಿದ.

ಅಕ್ಕಯ್ಯ ಬಟ್ಟಲಿಗೆ ಮೂತಿ ಇಟ್ಟಳು.

ಉಂಡಳು, ಲೊಚಲೊಚ ಸದ್ದು ಮಾಡಿಕೊಂಡು, ನಡುನಡುವೆ ತಲೆಯೆತ್ತಿ ಅವನೂ ಉಣ್ಣುತ್ತಿದ್ದಾನೆಯೇ ಎಂದು ನೋಡಿಕೊಂಡು ಉಂಡಳು. ಬ್ರಹ್ಮಪ್ಪ ಬಲಗೈಯಲ್ಲಿ ಸುಳ್ಳು ತುತ್ತು ಎತ್ತುತ್ತಾ, ಎಡಗೈಯಲ್ಲಿ ಬಾಚಣಿಗೆ ಆಡಿಸಿದ. ಬೆಳಿಗ್ಗೆ ಕಬ್ಬಿಣವಾಗಿದ್ದ ಗಂಟುಗಳು ಈಗ ಬೆಣ್ಣೆಯಂತೆ ಬಿಟ್ಟುಕೊಂಡವು. ಅವಳ ಹೊಟ್ಟೆಯೊಳಗೆ ಎಲ್ಲೋ ರಾಗಿಕಲ್ಲು ತಿರುಗಲು ಶುರುವಾಯಿತು. ಬ್ರಹ್ಮಪ್ಪನ ಕೆನ್ನೆಯ ಮೇಲೆ ನೀರು ಇಳಿಯಿತು. ಜ್ವಾಲಾಮಾಲಿನಿ ನೋಡಿಯೂ ನೋಡದವಳ ಹಾಗೆ ದೀಪದ ಬತ್ತಿ ಸರಿಮಾಡಿದಳು.

ವ್ರತ ಹಿಡಿದ ಜೀವದ ಮುಂದೆ ತುಪ್ಪದ ದೀಪವಿಡೋಣವೆಂದು ಪದ್ಮಾವತಮ್ಮ ಬಂದದ್ದು ಆಗಲೇ.

ಬಾಗಿಲಲ್ಲಿ ನಿಂತು ನೋಡಿದರು. ಹೊರಗೆ ಕತ್ತಲು. ಒಳಗೆ ಬ್ರಹ್ಮಪ್ಪನ ಮುಂದೆ ತಟ್ಟೆ, ಬೆರಳಿಗೆಲ್ಲ ಅನ್ನ, ಬಾಯಿ ಚಪ್ಪರಿಸುತ್ತಿದೆ, ಗಂಟಲು ಕುಣಿಯುತ್ತಿದೆ.

"ಆ ಮೂಕಪ್ರಾಣಿಯ ವ್ರತಾನೂ ಕೆಡಿಸಿದೆ. ನಿಂದೂ ಕೆಡಿಸಿಕೊಂಡೆ," ಎಂದರು. ತಂದ ದೀಪವನ್ನು ಹಾಗೆಯೇ ಹಿಂದಕ್ಕೆ ಒಯ್ದರು.

ಪಂಡಿತರು ಬಂದರು, ಬೀದಿಯೂ ಬಂತು. ತಾನು ತಿಂದಿಲ್ಲ, ತಿಂದ ಹಾಗೆ ಮಾಡಿದೆನಷ್ಟೆ ಎಂದು ಬ್ರಹ್ಮಪ್ಪ ಬೆಟ್ಟದ ಕಡೆ ಕೈ ತೋರಿಸಿ ಆಣೆಯಿಟ್ಟ. ನಾಗಕುಮಾರಯ್ಯನವರು ಈ ಸಲ ಯೋಚಿಸಲು ಹೊತ್ತು ತೆಗೆದುಕೊಳ್ಳಲಿಲ್ಲ.

"ತಿಂದಿದ್ರೆ ರಾತ್ರಿ ಉಂಡ ದೋಷ. ತಿನ್ನದೆ ತಿಂದ ಹಾಗೆ ತೋರಿಸಿ ಒಂದು ಪ್ರಾಣಿಗೆ ಮೋಸ ಮಾಡಿದ್ರೆ ಕಪಟದ ದೋಷ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಬ್ರಹ್ಮಪ್ಪನೋರೆ, ಪ್ರಾಯಶ್ಚಿತ್ತ ಒಂದೇ. ನಾಳೆ ಪೂರ್ತಿ ಉಪವಾಸ."

ಇವತ್ತು ಉಣ್ಣದ ಊಟಕ್ಕೆ ನಾಳೆಯ ಊಟ ದಂಡವಾಯಿತು. ಕಲ್ಲು ಬೇಡವೆಂದು ಚಿಕ್ಕಯ್ಯನಿಗೆ ಹೇಳಿಕಳಿಸಿದಾಗ ಅವನು, ಕಲ್ಲು ಆರಿಸಿ ಇಟ್ಟಾಗಿದೆ, ಬ್ರಹ್ಮಪ್ಪನೋರು ಹೀಗೇ ಮುಂದುವರಿದರೆ ಅಳತೆ ಬದಲಾಯಿಸಿದರೆ ಸಾಕು ಎಂದನಂತೆ.

ಮಾರನೆಯ ಸಂಜೆ ಸೂರ್ಯ ಮುಳುಗಿದ ಮೇಲೆ ಅಕ್ಕಯ್ಯ, ನುಣ್ಣಗೆ ಬಾಚಿದ ಬೆನ್ನು ಹೊತ್ತು, ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ಕೂತಳು. ಬ್ರಹ್ಮಪ್ಪ ಗೋಡೆ ಹಿಡಿದುಕೊಂಡು ಎದ್ದು, ತಟ್ಟೆಯ ಮುಂದೆ ಬಂದು ಕೂತ. ಜ್ವಾಲಾಮಾಲಿನಿ ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ, ಇಬ್ಬರಿಗೂ ಬಡಿಸಿದಳು.

"ಮೆಲ್ಲಗೆ ಅಗೀರಿ," ಎಂದು ಅವನ ಕಿವಿಯ ಹತ್ತಿರ ಬಂದು ಹೇಳಿದಳು. "ಪಕ್ಕದ ಮನೆಗೆ ಕೇಳಿಸುತ್ತೆ."

ಅವನು ಮೆಲ್ಲಗೆ ಅಗಿದ. ಅಕ್ಕಯ್ಯ ಬಟ್ಟಲು ನೋಡಿದಳು, ಅವನನ್ನು ನೋಡಿದಳು, ಹರಿದ ಕಿವಿಯನ್ನು ಮುಂದಕ್ಕೆ ಚಾಚಿ, ಚಪ್ಪರಿಸುವ ಸದ್ದಿಗಾಗಿ ಕಾಯುತ್ತಾ ಕೂತಳು.