ಕರಿ ಹುರುಳಿಯ ಸಾರು ಮತ್ತು ಗಂಗವ್ವನ ನಾಲಿಗೆ

ಮುದುಕಿಯರ ಕೈರುಚಿ ಎಂದು ಜನ ಹೊಗಳುತ್ತಾರಲ್ಲ, ಅದರಲ್ಲಿ ಅರ್ಧ ರುಚಿ, ಇನ್ನರ್ಧ ಉಣ್ಣುವವರ ಮರ್ಯಾದೆ. ನನಗೆ ಇದು ಗೊತ್ತಾದದ್ದು ತೀರ ಈಚೆಗೆ. ಗೊತ್ತಾಗದೆ ಸತ್ತಿದ್ದರೆ ಚೆನ್ನಾಗಿತ್ತು. ನಾನು ನಾಲ್ಕನೆಯ ಇಯತ್ತೆ ಓದಿದವಳು. ಐದಕ್ಕೆ ಹೋಗಬೇಕೆನ್ನುವಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬಂತು, ಹತ್ತಿ ಮುಗಿಯುವಷ್ಟರಲ್ಲಿ ಮದುವೆ ಬಂತು. ಹಾಗಾಗಿ ನಾನು ಸರಿಯಾಗಿ ಕಲಿತದ್ದು ಒಂದೇ ವಿದ್ಯೆ, ಕರಿ ಹುರುಳಿಯ ಕಟ್ಟಿನ ಸಾರು. ಅದೂ ಈಗ ಹೋಯಿತು. ಅದು ಹೋದ ಕಥೆ ಹೇಳುತ್ತೇನೆ.

ಕೆಂಪು ಹುರುಳಿ ಎಲ್ಲ ಕಡೆ ಸಿಗುತ್ತದೆ. ಕರಿಯದು ನಮ್ಮ ಶಲವಡಿಯ ಎರೆಹೊಲದ ಬದುವಿನಲ್ಲಿ ಯಾರೋ ಒಬ್ಬಿಬ್ಬರು ಹಟಮಾರಿಗಳು ಬೆಳೆದರೆ ಉಂಟು. ಹಿಂದೆ ಅದನ್ನು ಬೇಯಿಸುತ್ತಿದ್ದದ್ದು ಎತ್ತಿಗಾಗಿ. ಕಾಳು ಎತ್ತಿಗೆ, ಬಸಿದ ನೀರು ನಮಗೆ. ಹೊಲದಲ್ಲಿ ದುಡಿದು ಬರುವವರಿಗೆ ಕಾಳು ಸಲ್ಲಬೇಕು ಎಂದು ಅತ್ತೆ ಹೇಳುತ್ತಿದ್ದಳು. ನಾನೂ ದಿನವೆಲ್ಲ ಹೊಲದಲ್ಲೇ ಇರುತ್ತಿದ್ದೆ, ಆದರೆ ನನಗೆ ಕೊಂಬಿರಲಿಲ್ಲ. ಈಗ ಟ್ರ್ಯಾಕ್ಟರು ಬಂದು ಎತ್ತು ಹೋದ ಮೇಲೆ ಕಾಳೂ ನಮಗೇ ಬಂದಿದೆ. ತಿನ್ನಲು ಹಲ್ಲಿಲ್ಲ.

ಮಾಡುವುದು ಹೀಗೆ. ಹುರುಳಿಯನ್ನು ಹಿಂದಿನ ದಿನವೇ ನೆನೆಹಾಕಬೇಕು. ಬೇಯಿಸಲು ಕೆರೆಯ ನೀರೇ ಆಗಬೇಕು, ನಮ್ಮೂರ ಬೋರಿನ ಸವುಳು ನೀರಿನಲ್ಲಿ ಮಧ್ಯಾಹ್ನದ ತನಕ ಕುದಿಸಿದರೂ ಕಾಳು ಮಣಿಯುವುದಿಲ್ಲ. ಕಟ್ಟು ಕಪ್ಪಗೆ, ದಪ್ಪಗೆ ಇಳಿದ ಮೇಲೆ ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಕಾಳು, ನಾಲ್ಕು ಮೆಣಸು ಅರೆದು ಹಾಕಬೇಕು. ಹುಣಸೆಹುಳಿ, ಅದರ ಸಿಟ್ಟು ಇಳಿಸಲು ಚೂರು ಬೆಲ್ಲ. ಉಪ್ಪು ಎಷ್ಟು ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಜಗುಲಿಯ ದೇವರಿಗೆ ಎಡೆ ಹಿಡಿಯುವ ತನಕ ಅಡಿಗೆಯನ್ನು ನಾಲಿಗೆಗೆ ತಾಗಿಸುವಂತಿಲ್ಲ. ಐವತ್ತು ವರ್ಷ ನಾನು ಅಡಿಗೆ ಮಾಡಿದ್ದು ಮೂಗಿನಿಂದ. ಕುದಿಯುವ ಸಾರಿನ ಆವಿಗೆ ಮುಖ ಒಡ್ಡಿದರೆ ಉಪ್ಪು ಕಡಿಮೆಯೋ ಸರಿಯೋ ಹೇಳುತ್ತಿದ್ದೆ. ಇದನ್ನು ಯಾರೂ ನಂಬುವುದಿಲ್ಲ. ನಂಬದವರು ಬಂದು ಉಂಡು ಹೋಗುತ್ತಿದ್ದರು.

ಹೋದ ಮಳೆಗಾಲದಲ್ಲಿ ನೆಗಡಿ, ಜ್ವರ ಹತ್ತು ದಿನ ನನ್ನನ್ನು ಮಲಗಿಸಿದವು. ಎದ್ದಾಗ ಮೂಗು ಇತ್ತು, ವಾಸನೆ ಇರಲಿಲ್ಲ. ನಾಲಿಗೆಗೆ ಉಪ್ಪೂ ಒಂದೇ, ಬೆಲ್ಲವೂ ಒಂದೇ. ಒಂದು ದಿನ ಒಗ್ಗರಣೆ ಸೀದು ವಾಸನೆ ಹಿತ್ತಲಿಗೆ ಹೋಗಿದೆ, ನಾನು ಅದರ ಮುಂದೆಯೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೇನೆ. ಸೊಸೆ ರೇಣುಕಾ ಓಡಿಬಂದು, "ಅತ್ತೀ, ಸೀದ ವಾಸನಿ ಬರಲಿಲ್ಲೇನ್ರಿ?" ಎಂದಳು. "ಬಂತು, ಬೇಕಂತಲೇ ಬಿಟ್ಟೀನಿ, ಇವತ್ತ ಸುಟ್ಟ ಒಗ್ಗರಣಿ" ಎಂದೆ. ಡಾಕ್ಟರ ಹತ್ತಿರ ಗುಟ್ಟಾಗಿ ಹೋದೆ. ಅವನು ಟಾರ್ಚು ಬಿಟ್ಟು ಮೂಗಿನೊಳಗೆ ನೋಡಿ, "ಬಂದ್ರ ಬರತೈತಿ ಬಿಡಬೇ ಅಜ್ಜಿ" ಎಂದ. ಅಷ್ಟನ್ನು ಹೇಳಲು ಟಾರ್ಚು ಬೇಕಿರಲಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಒಲೆ ಬಿಟ್ಟ ಮುದುಕಿಯರನ್ನು ನಾನು ಊರಲ್ಲಿ ಬೇಕಾದಷ್ಟು ನೋಡಿದ್ದೇನೆ. ಬಾಗಿಲಲ್ಲಿ ಕೂತು ನಾಯಿ ಓಡಿಸುತ್ತಾರೆ, ಹಪ್ಪಳ ಕಾಯುತ್ತಾರೆ, ತಾಟಿನಲ್ಲಿ ಬಿದ್ದದ್ದನ್ನು ಉಂಡು "ಸಾಕವ್ವ" ಎನ್ನುತ್ತಾರೆ. ನನಗೆ ಆ ಕೆಲಸ ಬೇಡವಾಗಿತ್ತು. ಹಾಗಾಗಿ ಕೈ ಅಂದಾಜಿನ ಮೇಲೆ ನಡೆಸಿದೆ. ಎರಡು ತಿಂಗಳು ಯಾರೂ ಚಕಾರ ಎತ್ತಲಿಲ್ಲ. ಮಗ ಬಸವರಾಜ ದಿನಾ ಉಂಡು, "ಅಗದಿ ಛಲೋ ಆಗೇತಿ ಯವ್ವಾ" ಎನ್ನುತ್ತಿದ್ದ. ಮೂಗು ಹೋದರೂ ನನ್ನ ಕೈಗೆ ಕಣ್ಣಿದೆ ಎಂದು ಬೀಗಿದೆ. ಮಗ ಹಿಂದೆ ಎಂದೂ ದಿನಾ ಹೊಗಳಿದವನಲ್ಲ ಎಂಬುದು ಆಗ ಹೊಳೆಯಲಿಲ್ಲ.

ಆಗ ಗಂಗವ್ವ ಹೇಳಿಕಳಿಸಿದಳು. ಗಂಗವ್ವ ನನ್ನ ನೆಗೆಣ್ಣಿ, ಎಂದರೆ ಭಾವನ ಹೆಂಡತಿ, ನನಗಿಂತ ಆರು ವರ್ಷಕ್ಕೆ ಹಿರಿಯಳು. ಮನೆ ಪಾಲಾದ ಮೇಲೆ ನಡುವೆ ಒಂದೇ ಗೋಡೆ. ಹತ್ತೊಂಬತ್ತು ವರ್ಷದ ಹಿಂದೆ ಅವಳ ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ, ಬೀಗರೆಲ್ಲ ಕೂತ ಪಂಕ್ತಿಯಲ್ಲಿ, ನನ್ನ ಸಾರು ಬಾಯಿಗಿಟ್ಟು, "ಇದು ಎತ್ತು ಮೂಸಿ ಬಿಟ್ಟ ನೀರು" ಎಂದಿದ್ದಳು. ಅಂದಿನಿಂದ ನಾನು ಅವಳ ಮನೆಗೆ ಸಾರು ಕೊಟ್ಟಿಲ್ಲ, ಅವಳ ಮನೆಯಲ್ಲಿ ಉಂಡು ಕೈ ತೊಳೆದಿಲ್ಲ. ಮಾತು ಇತ್ತು. ಮಾತು ಬಿಟ್ಟರೆ ಜಗಳ ಆಡುವುದು ಹೇಗೆ? ಈಗ ಅವಳ ಹೊಟ್ಟೆಯಲ್ಲಿ ಗಡ್ಡೆ. ಹುಬ್ಬಳ್ಳಿಯ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿರಿ ಎಂದಿದ್ದರು. ಅದರ ಅರ್ಥ ಎಲ್ಲರಿಗೂ ತಿಳಿದಿತ್ತು, ಅವಳಿಗೂ. ಅನ್ನ ಸೇರುತ್ತಿರಲಿಲ್ಲ. ಅವಳ ಸೊಸೆ ಗೋಡೆಯಾಚೆಯಿಂದ, "ಸಣ್ಣತ್ತೀ, ನಿಮ್ಮ ಕರಿ ಹುರಳಿ ಸಾರ ಒಂದು ವಾಟಗಾ ಬೇಕಂತರಿ" ಎಂದು ಕೂಗಿದಳು.

ಗೆದ್ದೆ ಎನಿಸಿತು. ಸಾಯುವವಳ ಮೇಲೆ ಗೆಲ್ಲುವುದೇನು ಎಂದು ನೀವು ಕೇಳಬಹುದು. ನಿಮಗೆ ನೆಗೆಣ್ಣಿ ಇಲ್ಲವೆಂದು ಕಾಣುತ್ತದೆ. ಬೆಳಗ್ಗೆಯೇ ಒಲೆ ಹೊತ್ತಿಸಿ, ಎಡೆ ಹಿಡಿದು, ಸಾರಿನ ಬಟ್ಟಲಿಗೆ ತಾಟು ಮುಚ್ಚಿ ನಾನೇ ಒಯ್ದೆ. ಗಂಗವ್ವ ಹೊರಸಿನ ಮೇಲೆ ಒಣ ಕಟ್ಟಿಗೆಯಂತೆ ಬಿದ್ದಿದ್ದಳು. ತಲೆಗೆ ಕೈಕೊಟ್ಟು ಎಬ್ಬಿಸಿ ಒಂದು ಗುಟುಕು ಕುಡಿಸಿದೆ. ಅವಳು ಕಣ್ಣು ಮುಚ್ಚಿದಳು. ಸುಖಕ್ಕೆಂದುಕೊಂಡೆ.

"ಲೇ ಪಾರಿ, ಇನ್ನೂ ಸಿಟ್ಟು ಹೋಗಿಲ್ಲೇನ ನಿಂದು?"

"ಯಾಕಬೇ, ಏನಾತು?"

"ಉಪ್ಪು ಎರಡು ಸಲ ಬಿದ್ದೈತಿ. ಕೊಬ್ಬರಿ ಕಮಟು ನಾರಾಕತ್ತೈತಿ. ನಾ ಹೆಂಗೂ ಸಾಯಾಕತ್ತೀನಿ, ನೀ ಅವಸರ ಮಾಡಬ್ಯಾಡ."

"ಮನ್ಯಾಗ ಎಲ್ಲಾರೂ ಎರಡು ತಿಂಗಳಿಂದ ಛಲೋ ಅಂತ ಉಣ್ಣಾಕತ್ತಾರ" ಎಂದೆ.

"ಹಂಗಾರ ಅವರು ನಿನ್ನ ಮುದುಕಿ ಅಂತ ಬಿಟ್ಟಾರ" ಎಂದಳು ಗಂಗವ್ವ.

ಹೇಳಿಬಿಟ್ಟೆ. ಜ್ವರ, ಮೂಗು, ಒಗ್ಗರಣೆ, ಡಾಕ್ಟರನ ಟಾರ್ಚು, ಎಲ್ಲ. ಮಗನಿಗೆ ಹೇಳದ್ದನ್ನು ಹತ್ತೊಂಬತ್ತು ವರ್ಷದ ವೈರಿಗೆ ಹೇಳಿದೆ. ಅವಳು ನಕ್ಕಳು. ನಗುವಾಗ ಹೊಟ್ಟೆ ನೊಂದು "ಯಪ್ಪಾ" ಎಂದಳು, ಮತ್ತೆ ನಕ್ಕಳು.

ಮನೆಗೆ ಬಂದು ರೇಣುಕಾಳನ್ನು ಹಿಡಿದು ಕೇಳಿದೆ. ಮೊದಲು ಸೆರಗು ಹಿಂಡಿದಳು, ಆಮೇಲೆ ಬಾಯಿಬಿಟ್ಟಳು. ನಾನು ಮಧ್ಯಾಹ್ನ ಅಡ್ಡಾದಾಗ ಅವಳು ಬೇರೆ ಸಾರು ಮಾಡಿಡುತ್ತಿದ್ದಳಂತೆ. ನನ್ನೆದುರು ಎರಡು ತುತ್ತು ನನ್ನದು, ನಾನು ಮಲಗಿದ ಮೇಲೆ ಹೊಟ್ಟೆ ತುಂಬ ಅವಳದು. "ಹಂಗಾರ ನಂದು?" ಎಂದೆ. ಅವಳು ಹಿತ್ತಲ ಕಡೆ ನೋಡಿದಳು. ಅಲ್ಲಿ ನಮ್ಮ ಎಮ್ಮೆ ಮುಸುರೆ ಬಾನಿಯಲ್ಲಿ ಮೂತಿ ಇಟ್ಟು ನಿಂತಿತ್ತು. ಉಪ್ಪು ಹೆಚ್ಚಾದದ್ದು ಅದಕ್ಕೆ ಬಹಳ ಸೇರುತ್ತಿತ್ತಂತೆ. ಎರಡು ತಿಂಗಳು ನನ್ನ ಕೈರುಚಿಯನ್ನು ಮನಸಾರೆ ಉಂಡ ಜೀವ ಅದೊಂದೇ. ಹಿಂದೆ ಎತ್ತು ಬಿಟ್ಟದ್ದನ್ನು ನಾವು ಕುಡಿದೆವು, ಈಗ ನಾವು ಬಿಟ್ಟದ್ದನ್ನು ಎಮ್ಮೆ ಕುಡಿಯಿತು.

ಯಾರ ಮೇಲೂ ಸಿಟ್ಟಾಗಲು ಆಗಲಿಲ್ಲ. ಅವರು ಬೈದಿದ್ದರೆ ಬೈಗುಳಕ್ಕೆ ಉತ್ತರ ನನ್ನ ಬಳಿ ಇತ್ತು. ಕನಿಕರಕ್ಕೆ ಏನು ಉತ್ತರ ಕೊಡುವುದು?

ಮರುದಿನದಿಂದ ಕುದಿಯುವ ಗಡಿಗೆಯನ್ನೇ ಬಟ್ಟೆಯಲ್ಲಿ ಹಿಡಿದು ಗೋಡೆ ಸುತ್ತಿ ಗಂಗವ್ವನ ಹೊರಸಿನ ಹತ್ತಿರ ಒಯ್ಯತೊಡಗಿದೆ. ನನಗೆ ಕೈ ಇತ್ತು, ಅವಳಿಗೆ ನಾಲಿಗೆ ಇತ್ತು. ಇಬ್ಬರನ್ನೂ ಸೇರಿಸಿದರೆ ಒಬ್ಬ ಅಡಿಗೆಯವಳು ಆಗುತ್ತಿದ್ದಳು. "ಎಡಿ ಹಿಡಿಯೂಕಿಂತ ಮೊದಲ ರುಚಿ ನೋಡಿದ್ರ ದೇವರು ಏನಂತಾನ?" ಎಂದು ಅಳುಕಿದೆ. "ನಾ ಅತ್ತಾಗ ಹೊಂಟೀನಲ್ಲ, ಖುದ್ದು ಹೇಳ್ತೀನಿ. ನೀ ಚಮಚ ಕೊಡ" ಎಂದಳು. ಚಮಚದ ತುದಿ ನೆಕ್ಕಿ ಅಪ್ಪಣೆ ಕೊಡುತ್ತಿದ್ದಳು. ಹುಳಿ ಸತ್ತೈತಿ. ಬೆಲ್ಲಾ ಯಾಕ ಸುರದಿ, ಹೋಳಗಿ ಮಾಡಾಕತ್ತಿಯೇನ. ಬೆಳ್ಳುಳ್ಳಿ ಹಸೇದ ಐತಿ. ಜೀವಮಾನದಲ್ಲಿ ಅವಳ ಮಾತು ಕೇಳದ ನಾನು ಗಡಿಗೆ ಹೊತ್ತು ದಿನಕ್ಕೆ ಮೂರು ಸಲ ಓಡಾಡಿದೆ. ರೇಣುಕಾ ಬೇರೆ ಸಾರು ಮಾಡುವುದನ್ನು ನಿಲ್ಲಿಸಿದಳು. ಎಮ್ಮೆ ಮಾತ್ರ ಬಾನಿ ಮೂಸಿ ಮೂಸಿ ನನ್ನನ್ನು ನೋಡುತ್ತಿತ್ತು.

ಒಂದಿನವೂ ಸರಿಯಾಗಿದೆ ಎನ್ನಲಿಲ್ಲ. ಕೊನೆಗೆ, "ಹೂಂ, ಉಣ್ಣಲಿ, ಸಾಯಂಗಿಲ್ಲ" ಎನ್ನುವಳು. ಅದನ್ನೇ ಹೊತ್ತು ತಂದು ದೇವರಿಗೆ ಎಡೆ ಹಿಡಿಯುತ್ತಿದ್ದೆ.

ಇಪ್ಪತ್ತು ದಿನ ನಡೆಯಿತು. ಆಮೇಲೊಂದು ದಿನ ಚಮಚ ತುಟಿಗೆ ಹಚ್ಚಿದೆ. ತುದಿ ನೆಕ್ಕಿ, "ಛಲೋ ಆಗೇತಿ ಪಾರಿ" ಎಂದಳು. ಮನೆಗೆ ಬಂದು ಬಡಿಸಿದೆ. ಬಸವರಾಜ ಒಂದು ತುತ್ತು ಉಂಡು ಹೆಂಡತಿಯ ಮುಖ ನೋಡಿದ. ರೇಣುಕಾ ಎದ್ದು ಉಪ್ಪಿನ ಡಬ್ಬಿ ತಂದಿಟ್ಟಳು. ಉಪ್ಪು ಹಾಕುವುದನ್ನೇ ಮರೆತಿದ್ದೆ.

ಮೂರನೆಯ ದಿನ ಗಂಗವ್ವ ಹೋದಳು. ಅವಳ ನಾಲಿಗೆ ಅವಳಿಗಿಂತ ಮೊದಲೇ ಸತ್ತಿತ್ತೋ, ಅಥವಾ ಕಡೆಗೆ ಅವಳೂ ನನ್ನನ್ನು ಮುದುಕಿ ಎಂದು ಬಿಟ್ಟಳೋ ತಿಳಿಯದು. ಮೊದಲನೆಯದಾದರೆ ಅಳುತ್ತೇನೆ. ಎರಡನೆಯದಾದರೆ ಮೇಲೆ ಹೋದ ಮೇಲೂ ಅವಳ ಮನೆಯಲ್ಲಿ ಕೈ ತೊಳೆಯುವುದಿಲ್ಲ.

ಗಂಗವ್ವನ ದಿನಕರ್ಮವೆಲ್ಲ ಮುಗಿದ ಮೇಲೆ ರೇಣುಕಾಳನ್ನು ಕೂಡಿಸಿಕೊಂಡು, "ಇನ್ನ ಮ್ಯಾಲ ನೀ ರುಚಿ ನೋಡಿ ಇದ್ದದ್ದು ಇದ್ದಂಗ ಹೇಳಬೇಕು. ನನ್ನ ಮಾರಿ ನೋಡಿ ಸುಳ್ಳು ಹೇಳಿದ್ರ ಆಣಿ ಐತಿ" ಎಂದೆ. "ಆತ್ರಿ ಅತ್ತಿ" ಎಂದಳು. ಮರುದಿನ ಗಡಿಗೆ ಮುಂದಿಟ್ಟೆ. ಪುಣ್ಯಾತಗಿತ್ತಿ ಚಮಚದಲ್ಲಿ ಎರಡು ಸಲ ಸವಿದು, ನೆಟ್ಟಗೆ ಕೂತು ಹೇಳಿದಳು: "ಉಪ್ಪು ಹೆಚ್ಚಾಗೇತ್ರಿ. ಉಳ್ಳಾಗಡ್ಡಿ ಕರಕಲಾಗೇತ್ರಿ. ಕಟ್ಟೂ ತೆಳ್ಳಗ ನೀರಾಗೇತ್ರಿ ಅತ್ತಿ, ಇದು ಎಮ್ಮಿಗೂ ಸೇರೂದಿಲ್ಲರಿ."

ನಾನು ಗಡಿಗೆ ಅಲ್ಲೇ ಬಿಟ್ಟು ಹೊರಗಿನ ಕಟ್ಟೆಗೆ ಹೋಗಿ ಕೂತೆ. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಬೇಡವೆಂದಿದ್ದ ಕೆಲಸವನ್ನೇ ಮಾಡಿದೆ, ಬಂದ ನಾಯಿಗಳನ್ನೆಲ್ಲ ಓಡಿಸಿದೆ. ಗಂಗವ್ವನ ಮೇಲಿನ ಸಿಟ್ಟನ್ನು ಹತ್ತೊಂಬತ್ತು ವರ್ಷ ಸಾಕಿದವಳು ನಾನು. ಈಗ ಅಷ್ಟು ವರ್ಷ ನನ್ನ ಕೈಯಲ್ಲಿ ಉಳಿದಿಲ್ಲ. ಆದ್ದರಿಂದ ಮೂರನೆಯ ದಿನ ಎದ್ದು, ಸೊಸೆಗೆ ಕಾಣದಂತೆ, ಮತ್ತೆ ಹುರುಳಿ ನೆನೆಹಾಕಿದೆ.