ಕಪ್ಪೆಯ ಹಿಂದೆ ಹೋದ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಒಂದು ಕಪ್ಪೆಯ ಮೇಲೇ ಪ್ರೀತಿ ಹೆಚ್ಚು ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ಕೊಟ್ಟೂರಿನ ಅವರ ಮನೆಯಲ್ಲಿ ಜೋಳದ ಚೀಲಕ್ಕಿಂತ ಸಿನಿಮಾ ರೀಲಿನ ಡಬ್ಬಿಗಳೇ ಹೆಚ್ಚು! ಎಲ್ಲವೂ ಕೈಯಿಂದ ಬರೆದ ಹಳೆಯ ಕಾರ್ಟೂನುಗಳು. ಟೆಂಟ್ ಸಿನಿಮಾದಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ಐದಾರು ನಿಮಿಷ ತೋರಿಸುತ್ತಿದ್ದಂಥವು. ಟೆಂಟುಗಳು ಒಂದೊಂದಾಗಿ ಮುಚ್ಚಿದಾಗಲೆಲ್ಲ ಮಾವ ಸಾವಿನ ಮನೆಗೆ ಹೊರಟವರಂತೆ ಹೋಗಿ, ಡಬ್ಬಿ ಹೊತ್ತು ಬರುತ್ತಿದ್ದರು.

ಒಮ್ಮೆ ಅತ್ತೆ ಚಕ್ಕುಲಿ ಇದೆಯೆಂದು ಬೀಗರ ಮುಂದೆ ಡಬ್ಬಿ ತೆರೆದರೆ, ಒಳಗೆ ಹುಳಿ ವಾಸನೆಯ ಫಿಲ್ಮು!

"ಇದನ್ನ ಹುರದು ತಿನ್ನಸ್ಲೇನು ಇವರಿಗೆ?" ಎಂದು ಸಿಡುಕಿದರು ಅತ್ತೆ.

"ಮುಚ್ಚು ಮೊದ್ಲು, ಅದಕ್ಕ ಗಾಳಿ ಬಡೀತೈತಿ" ಎಂದರು ಮಾವ.

ಕೊಡೆ ಹಿಡಿದು ಕುಣಿಯುವ ಕಪ್ಪೆಯ ರೀಲಿಗಾಗಿ ಹಡಗಲಿ, ಹರಪನಹಳ್ಳಿ ಎಲ್ಲ ಅಲೆದರು. ಕೊನೆಗೆ ಸಿಕ್ಕಿದ್ದು ಕೂಡ್ಲಿಗಿಯಲ್ಲಿ. ಆಗಷ್ಟೇ ಬಿ.ಎ. ಮುಗಿಸಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ನಾನೂ ಜೊತೆಗಿದ್ದೆ.

"ಟಿ.ವಿ. ಹಚ್ಚಿದ್ರ ದಿನಾ ಬರ್ತಾವಲ್ರಿ ಮಾವ, ಇಂಥವು?"

"ಯವ್ವಾ, ಇದು ಒಂದು ಹೆಜ್ಜಿ ಇಡಾಕ ಯಾವನೋ ಪುಣ್ಯಾತ್ಮ ಹತ್ತು ಹನ್ನೆರಡು ಚಿತ್ರ ಬರದಾನ. ಒಂದು ಹರದ್ರೂ ಕಪ್ಪಿ ಕುಂಟತೈತಿ."

ಹೆದ್ದಾರಿಯ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅದಿರಿನ ಲಾರಿಗಳು ಕೆಂಧೂಳೆಬ್ಬಿಸುತ್ತ ಸಾಲುಸಾಲಾಗಿ ಹೋಗುತ್ತಿದ್ದವು. ಮಾವನ ಕಂಕುಳಿನಿಂದ ಡಬ್ಬಿ ಜಾರಿ ಮುಚ್ಚಳ ಕಿತ್ತುಹೋಯಿತು. ರೀಲು ಬಿಚ್ಚಿಕೊಳ್ಳುತ್ತ ನಡುರಸ್ತೆಗೆ ಉರುಳಿತು! ಹಿಂದೆಯೇ ಮಾವ! ಒಂದು ಕೈ ಪೊಲೀಸರಂತೆ ಮೇಲಕ್ಕೆ, ಇನ್ನೊಂದರಲ್ಲಿ ಫಿಲ್ಮು.

ಮೊದಲ ಲಾರಿ ಕಿರುಚಿ ನಿಂತಿತು. "ಲೇ ಯಜಮಾನ, ಸಾಯಾಕ ನನ್ನ ಲಾರಿನೇ ಬೇಕಾತೇನು?" ಎಂದ ಡ್ರೈವರು.

"ತಡಿಯಪಾ, ತುಳೀಬ್ಯಾಡ!"

ಅವರನ್ನು ಎಳೆದು ತರಲು ನಾನೂ ಓಡಿದೆ. ಫಿಲ್ಮು ಕಾಲಿಗೆ ಸುತ್ತಿಕೊಂಡು ಬಿದ್ದೆ. ನಿಂತ ಲಾರಿಯನ್ನು ದಾಟಿ ಇನ್ನೊಂದು ನುಗ್ಗಿತು. ಆ ಗಳಿಗೆ ನನಗೆ ಇವತ್ತಿಗೂ ಮುಗಿದಿಲ್ಲ. ಪಾಠ ಮಾಡುವಾಗ, ಅನ್ನ ಬಸಿಯುವಾಗ, ಮತ್ತೆ ಅದೇ ಕೆಂಪು ಬಂಪರು ಮುಖದ ಮುಂದೆ ಬಂದು ನಿಲ್ಲುತ್ತದೆ. ಆಮೇಲೆ ನನ್ನ ರಟ್ಟೆಗಳನ್ನು ಯಾರೋ ಹಿಡಿದು ಎಳೆಯುತ್ತಾರೆ. ಎರಡೂ ಕೈಯಿಂದ. ಎರಡೂ ಕೈ ಖಾಲಿ ಮಾಡಿಕೊಂಡು!

ರಸ್ತೆಬದಿಯಲ್ಲಿ ಕೂತು ಮಾವ ಪಂಚೆಯ ತುದಿಯಿಂದ ನನ್ನ ಮುಖದ ಧೂಳು ಒರೆಸುತ್ತಿದ್ದರು. ಅವರ ಬೆನ್ನ ಹಿಂದೆ ಲಾರಿಗಳು ಒಂದರ ಹಿಂದೊಂದು ಕಪ್ಪೆಯನ್ನು ತುಳಿಯುತ್ತಲೇ ಹೋದವು.

"ಮಾವ, ಫಿಲ್ಮು..." ಎಂದೆ.

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ಯಾವ ಫಿಲ್ಮು?"